ಮರೆಯ ದನಿ

ಬೀದರ ನಗರದ ಅಂಚಿನಲ್ಲಿ ನೌಬಾದ್ ಎಂಬ ಊರಿದೆ. ಅಲ್ಲಿಯ ಕೆಂಪು ಜಂಬಿಟ್ಟಿಗೆಯ ನೆಲದಲ್ಲಿ ಒಂದರ ಮುಂದೊಂದರಂತೆ ಸಾಲುಗೊಂಡ ಕೆಲವು ಬಾವಿಗಳು ಕಾಣುತ್ತವೆ. ಅವು ಬಿಂದಿಗೆ ಇಳಿಸಿ ನೀರು ಸೇದುವ ಸಾಮಾನ್ಯ ಬಾವಿಗಳಲ್ಲ. ಅವುಗಳ ಅಡಿಯಲ್ಲಿ, ಬಂಡೆಯನ್ನು ಕೊರೆದು ಮಾಡಿದ ಸುರಂಗವೊಂದರಲ್ಲಿ, ನೀರು ಮೌನವಾಗಿ ಹರಿಯುತ್ತದೆ. ಬಾವಿಗಳು ಆ ಸುರಂಗಕ್ಕೆ ಗಾಳಿ ಬೆಳಕುಗಳನ್ನು ಒದಗಿಸುವ ಕಂಡಿಗಳು ಮಾತ್ರ. ಬಹಮನಿ ಅರಸರ ಕಾಲದಲ್ಲಿ, 15ನೆಯ ಶತಮಾನದಲ್ಲಿ, ಪರ್ಷಿಯಾ ದೇಶದ ವಿದ್ಯೆಯನ್ನು ಅನುಸರಿಸಿ ಈ ಕಾಲುವೆಯನ್ನು ಕಟ್ಟಿದರು. ಇದಕ್ಕೆ 'ಕರೇಜ್' ಎಂದು ಹೆಸರು. ಬಹುಕಾಲ ಹೂಳು ತುಂಬಿ ಜನರ ನೆನಪಿನಿಂದ ಮರೆಯಾಗಿದ್ದ ಇದನ್ನು 2010ರ ದಶಕದಲ್ಲಿ ಶುಚಿಗೊಳಿಸಿದಾಗ, ಐದು ನೂರು ವರ್ಷಗಳಿಗೂ ಹಿಂದಿನ ಆ ದಾರಿಯಲ್ಲಿ ನೀರು ಮತ್ತೆ ಕಾಣಿಸಿಕೊಂಡಿತು.

ಜನರ ನುಡಿಯೂ ಈ ನೀರಿನಂತೆಯೇ. ನೆಲದ ಮೇಲೆ ಹರಿಯಲು ಎಡೆಯಿಲ್ಲದಾಗ ಅದು ನೆಲದೊಳಗೆ ಇಳಿಯುತ್ತದೆ. ಆದರೆ ಹರಿಯುವುದನ್ನು ನಿಲ್ಲಿಸುವುದಿಲ್ಲ. ಬಾಯಾರಿದವರು ಎಲ್ಲಿರುವರೋ ಅಲ್ಲಿಗೆ ತನ್ನ ದಾರಿಯನ್ನು ತಾನೇ ಕಂಡುಕೊಳ್ಳುತ್ತದೆ. ಆದರೆ ಒಂದು ಮಾತನ್ನು ಮರೆಯಬಾರದು. ಕಣ್ಣಿಗೆ ಕಾಣುವ ಹೊಳೆಯ ನೀರು ತಿಳಿಯೋ ಬಗ್ಗಡವೋ ಎಂಬುದನ್ನು ದಡದಲ್ಲಿ ನಿಂತವರು ನೋಡಿ ತಿಳಿಯಬಹುದು. ಕಾಣದೆ ಹರಿದು ಬಂದ ನೀರನ್ನು ಕುಡಿಯುವವರು ಅದನ್ನು ಕಳುಹಿಸಿದವರ ಮೇಲಿನ ನಂಬಿಕೆಯಿಂದಲೇ ಕುಡಿಯಬೇಕು. ಆದುದರಿಂದ ಮರೆಯಲ್ಲಿ ನಿಂತು ನುಡಿಯುವವರ ಮೇಲೆ ಸತ್ಯದ ಹೊಣೆ ಇಮ್ಮಡಿಯಾಗಿರುತ್ತದೆ. ಈ ಹೊಣೆಯನ್ನು ಹೊತ್ತು ನಡೆದ ಕೆಲವರ ಬಾಳು, ಮಾತು ಎಂದರೇನು, ಅದರ ಬೆಲೆ ಎಷ್ಟು ಎಂಬುದನ್ನು ಯಾವ ಶಾಸ್ತ್ರಗ್ರಂಥಕ್ಕಿಂತಲೂ ಚೆನ್ನಾಗಿ ತಿಳಿಸುತ್ತದೆ.

ಬೀದರ ಜಿಲ್ಲೆಯು 1948ರವರೆಗೆ ಹೈದರಾಬಾದಿನ ನಿಜಾಮರ ಆಳ್ವಿಕೆಗೆ ಒಳಪಟ್ಟಿತ್ತು. ಇಲ್ಲಿಯ ಜನರ ಮನೆಮಾತುಗಳು ಕನ್ನಡ, ಮರಾಠಿ, ತೆಲುಗು, ಉರ್ದು. ಸಂತೆಯ ದಿನ ಒಬ್ಬನೇ ವ್ಯಾಪಾರಿಯು ನಾಲ್ಕು ಭಾಷೆಗಳಲ್ಲಿಯೂ ಚೌಕಾಸಿ ಮಾಡುವುದು ಈ ಸೀಮೆಯಲ್ಲಿ ಸೋಜಿಗದ ಸಂಗತಿಯಲ್ಲ. ಆದರೆ ಕಚೇರಿ, ನ್ಯಾಯಾಲಯ, ಶಾಲೆ ಇವೆಲ್ಲದರಲ್ಲಿಯೂ ನಡೆಯುತ್ತಿದ್ದುದು ಉರ್ದು ಭಾಷೆಯೊಂದೇ. ಉರ್ದು ಸೊಗಸಾದ ಭಾಷೆ. ಅದರ ಮೇಲೆ ಜನರಿಗೆ ಹಗೆಯಿರಲಿಲ್ಲ. ತಮ್ಮ ಮಕ್ಕಳು ತಾಯ್ನುಡಿಯಲ್ಲಿ ಅಕ್ಷರ ಕಲಿಯಲು ಅವಕಾಶವಿಲ್ಲವಲ್ಲ ಎಂಬುದೇ ಅವರ ಕೊರಗಾಗಿತ್ತು.

ಈ ಕೊರಗನ್ನು ಅರಿತವರಲ್ಲಿ ಭಾಲ್ಕಿಯ ಹಿರೇಮಠದ ಚನ್ನಬಸವ ಪಟ್ಟದ್ದೇವರು ಒಬ್ಬರು. 1889ರಲ್ಲಿ ಅಂದಿನ ಔರಾದ ಸೀಮೆಯ ಕಮಲನಗರದಲ್ಲಿ ಜನಿಸಿ, 1999ರವರೆಗೆ, ನೂರು ವರ್ಷಗಳನ್ನು ಮೀರಿ ಬಾಳಿದ ಹಿರಿಯರು ಅವರು. ಭಾಲ್ಕಿಯಲ್ಲಿಯೂ ಕಮಲನಗರದಲ್ಲಿಯೂ ಅವರು ಮಕ್ಕಳಿಗೆ ವಿದ್ಯೆಯ ನೆಲೆಗಳನ್ನು ಕಟ್ಟಿದರು. ಹೊರಗೆ ಉರ್ದು ಶಾಲೆಯೆಂಬ ಫಲಕ, ಒಳಗೆ ಕನ್ನಡದ ಪಾಠ. ಅವರ ಶಾಲೆಯನ್ನು ಕುರಿತು ಇಂದಿಗೂ ಆ ಭಾಗದ ಜನರು ಹೇಳುವ ಮಾತಿದು. ಬಾಗಿಲ ಮೇಲಿನ ಫಲಕ ಅಧಿಕಾರಿಗಳ ಕಣ್ಣಿಗಾಗಿ. ಒಳಗಿನ ಕಪ್ಪು ಹಲಗೆ ಮಕ್ಕಳ ಕಣ್ಣಿಗಾಗಿ. ಜಾತಿ ಮತಗಳ ಎಣಿಕೆಯಿಲ್ಲದೆ ಬಡವರ ಮಕ್ಕಳಿಗೆ ಅಲ್ಲಿ ಅನ್ನವೂ ಅಕ್ಷರವೂ ದೊರೆಯಿತು. ಗೋಡೆಯಾಚೆಗೆ ಕೇಳಿಸದಂತೆ ತಗ್ಗಿದ ದನಿಯಲ್ಲಿ ಹೇಳಿಕೊಟ್ಟ ಅಕ್ಷರಮಾಲೆ ಮುಂದೆ ಒಂದು ನಾಡಿನ ಬಾಯಿಗೆ ಮಾತನ್ನು ತಂದುಕೊಟ್ಟಿತು.

ಪಟ್ಟದ್ದೇವರ ದನಿ ತಲುಪಿದ್ದು ಒಂದು ಕೋಣೆಯೊಳಗೆ ಕುಳಿತ ಮಕ್ಕಳಿಗೆ. ಅದೇ ಕಾಲದಲ್ಲಿ, ಒಂದು ದನಿಯನ್ನು ಏಕಕಾಲಕ್ಕೆ ಸಾವಿರಾರು ಕೋಣೆಗಳಿಗೆ ಒಯ್ಯಬಲ್ಲ ಹೊಸ ಸಾಧನವೊಂದು ಭಾರತಕ್ಕೆ ಬಂದಿತ್ತು. ಅದೇ ಬಾನುಲಿ. ಮನುಷ್ಯನ ಕಂಠದ ಕಂಪನಗಳನ್ನು ವಿದ್ಯುತ್ತಿನ ಕಂಪನಗಳನ್ನಾಗಿ ಮಾರ್ಪಡಿಸಿ, ಅವನ್ನು ರೇಡಿಯೋ ಅಲೆಗಳ ಮೇಲೆ ಏರಿಸಿ ಬಿಟ್ಟರೆ, ಅವು ಬೆಳಕಿನ ವೇಗದಲ್ಲಿ ಸಾಗುತ್ತವೆ. ಎಲ್ಲಿಯೋ ದೂರದಲ್ಲಿ ಒಂದು ಗ್ರಾಹಕಯಂತ್ರ ಅವನ್ನು ಹಿಡಿದು ಮತ್ತೆ ದನಿಯಾಗಿ ಕೇಳಿಸುತ್ತದೆ. ವೃತ್ತಪತ್ರಿಕೆಯನ್ನು ಗಡಿಯಲ್ಲಿ ತಡೆಯಬಹುದು, ಮುದ್ರಣಾಲಯಕ್ಕೆ ಬೀಗ ಹಾಕಬಹುದು. ಗಾಳಿಯಲ್ಲಿ ತೇಲಿ ಬರುವ ಅಲೆಗೆ ಸುಂಕದ ಕಟ್ಟೆಯಿಲ್ಲ.

ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿಯೇ 30 ವಾಟ್ ಶಕ್ತಿಯ ಪುಟ್ಟ ಪ್ರೇಷಕಯಂತ್ರವನ್ನು ಇಟ್ಟುಕೊಂಡು ಪ್ರಸಾರವನ್ನು ಆರಂಭಿಸಿದರು. 'ಆಕಾಶವಾಣಿ' ಎಂಬ ಸುಂದರವಾದ ಹೆಸರು ಆ ಮನೆಯಿಂದಲೇ ಹೊರಟು ಮುಂದೆ ದೇಶದ ಹೆಸರಾಯಿತು. ಹೈದರಾಬಾದ್ ಸಂಸ್ಥಾನದಲ್ಲಿಯೂ ಅದೇ ದಶಕದಲ್ಲಿ ಬಾನುಲಿ ನಿಲಯವು ಸರಕಾರದ ವಶಕ್ಕೆ ಬಂದು 'ಡೆಕ್ಕನ್ ರೇಡಿಯೋ' ಎನಿಸಿತು. ಬ್ರಿಟಿಷ್ ಭಾರತದಲ್ಲಿ 'ಆಲ್ ಇಂಡಿಯಾ ರೇಡಿಯೋ' ಸರಕಾರದ್ದೇ ಆಗಿತ್ತು. 1939ರಲ್ಲಿ ಎರಡನೆಯ ಮಹಾಯುದ್ಧ ಆರಂಭವಾದೊಡನೆ, ಹವ್ಯಾಸಕ್ಕಾಗಿ ಪ್ರೇಷಕಯಂತ್ರಗಳನ್ನು ಇಟ್ಟುಕೊಂಡಿದ್ದವರ ಪರವಾನಗಿಗಳನ್ನೂ ಸರಕಾರ ರದ್ದುಪಡಿಸಿತು. ಹೀಗೆ ಬಾನುಲಿಯ ವಿಷಯದಲ್ಲಿ ಜನರಿಗೆ ಉಳಿದದ್ದು ಕಿವಿ ಮಾತ್ರ, ನಾಲಗೆ ಸರಕಾರದ್ದಾಯಿತು. ಆ ನಾಲಗೆಯನ್ನು ಕೆಲವು ದಿನಗಳ ಮಟ್ಟಿಗಾದರೂ ಜನರಿಗೆ ಹಿಂದಿರುಗಿಸಿ ಕೊಟ್ಟವರಲ್ಲಿ ಮೊದಲ ಹೆಸರು ಉಷಾ ಮೆಹತಾ ಎಂಬ ಇಪ್ಪತ್ತೆರಡು ವರ್ಷದ ತರುಣಿಯದು.

ಉಷಾ ಮೆಹತಾ 1920ರ ಮಾರ್ಚ್ 25ರಂದು ಗುಜರಾತಿನ ಸೂರತ್ ಬಳಿಯ ಸರಸ್ ಎಂಬ ಹಳ್ಳಿಯಲ್ಲಿ ಜನಿಸಿದರು. ಅವರ ತಂದೆ ಬ್ರಿಟಿಷ್ ಸರಕಾರದ ಸೇವೆಯಲ್ಲಿ ನ್ಯಾಯಾಧೀಶರಾಗಿದ್ದವರು. ಐದು ವರ್ಷದ ಮಗುವಾಗಿದ್ದಾಗ ಅಹಮದಾಬಾದಿನಲ್ಲಿ ಗಾಂಧೀಜಿಯವರನ್ನು ಕಂಡ ಉಷಾ, ಎಂಟನೆಯ ವಯಸ್ಸಿನಲ್ಲಿ, 1928ರಲ್ಲಿ, ಸೈಮನ್ ಆಯೋಗದ ವಿರುದ್ಧ ನಡೆದ ಮೆರವಣಿಗೆಯಲ್ಲಿ ಕೂಗು ಹಾಕಿದರು. ಆ ದಿನಗಳಲ್ಲಿ ನಡೆದ ಒಂದು ಘಟನೆಯನ್ನು ಅವರು ಮುಂದೆ ಹೇಳುತ್ತಿದ್ದುದುಂಟು. ಮಕ್ಕಳ ಮೆರವಣಿಗೆಯೊಂದರ ಮೇಲೆ ಪೊಲೀಸರು ಏರಿಬಂದಾಗ, ಬಾವುಟ ಹಿಡಿದಿದ್ದ ಬಾಲಿಕೆ ಬಾವುಟದೊಡನೆ ನೆಲಕ್ಕೆ ಬಿದ್ದಳು. ತಮಗೆ ನೋವಾದುದಕ್ಕಿಂತ ಬಾವುಟ ಕೆಳಗೆ ಬಿದ್ದುದೇ ಮಕ್ಕಳಿಗೆ ದುಃಖವಾಯಿತು. ಅವರು ಹಿರಿಯರಿಂದ ಖಾದಿಯನ್ನು ಪಡೆದು ಬಾವುಟದ ಬಣ್ಣಗಳ ಉಡುಪುಗಳನ್ನು ಹೊಲಿಸಿ ತೊಟ್ಟು ಮತ್ತೆ ಬೀದಿಗೆ ಇಳಿದರು. ಕೈಯಲ್ಲಿ ಹಿಡಿದ ಬಾವುಟವನ್ನು ಕಿತ್ತುಕೊಳ್ಳಬಹುದು. ಮೈಯೇ ಬಾವುಟವಾದರೆ ಕೀಳುವುದೇನನ್ನು?

ತಂದೆಯವರು ನಿವೃತ್ತರಾದ ಮೇಲೆ, 1932ರಲ್ಲಿ, ಕುಟುಂಬ ಮುಂಬಯಿಗೆ ಬಂದು ನೆಲೆಸಿತು. ಉಷಾ ವಿಲ್ಸನ್ ಕಾಲೇಜಿನಲ್ಲಿ ಓದಿ 1939ರಲ್ಲಿ ತತ್ವಶಾಸ್ತ್ರದ ಪದವೀಧರೆಯಾದರು. ಬಳಿಕ ಕಾನೂನಿನ ವ್ಯಾಸಂಗಕ್ಕೆ ತೊಡಗಿದರು. 1942ರ ಆಗಸ್ಟ್ 8ರಂದು ಮುಂಬಯಿಯ ಗೋವಾಲಿಯಾ ಟ್ಯಾಂಕ್ ಮೈದಾನದಲ್ಲಿ 'ಭಾರತ ಬಿಟ್ಟು ತೊಲಗಿ' ಎಂಬ ನಿರ್ಣಯ ಅಂಗೀಕೃತವಾಯಿತು. ಮರುದಿನ ಬೆಳಗಾಗುವಷ್ಟರಲ್ಲಿ ಗಾಂಧೀಜಿಯವರೂ ಉಳಿದ ನಾಯಕರೂ ಬಂಧಿತರಾಗಿದ್ದರು. ಪತ್ರಿಕೆಗಳ ಮೇಲೆ ಕಟ್ಟುನಿಟ್ಟಿನ ಹತೋಟಿ ಬಿತ್ತು. ಯಾವ ಊರಿನಲ್ಲಿ ಏನು ನಡೆಯಿತೆಂಬುದು ಪಕ್ಕದ ಊರಿಗೆ ತಿಳಿಯದಾಯಿತು. ನಾಯಕರಿಲ್ಲದ, ಸುದ್ದಿಯಿಲ್ಲದ ಚಳವಳಿ ಕತ್ತಲಲ್ಲಿ ನಡೆಯುವವನಂತೆ ಎಡವುವುದು ಸಹಜ. ಆ ಕತ್ತಲಿಗೆ ಒಂದು ದೀಪ ಬೇಕಾಗಿತ್ತು.

ಉಷಾ ಮತ್ತು ಅವರ ಗೆಳೆಯರಾದ ವಿಠ್ಠಲಭಾಯಿ ಝವೇರಿ, ಚಂದ್ರಕಾಂತ ಝವೇರಿ, ಬಾಬೂಭಾಯಿ ಮೊದಲಾದವರು ಗುಪ್ತ ಬಾನುಲಿಯೊಂದನ್ನು ನಡೆಸಲು ನಿಶ್ಚಯಿಸಿದರು. ಕಾಂಗ್ರೆಸ್ಸಿನ ಸಭೆಗಳಿಗೆ ಧ್ವನಿವರ್ಧಕಗಳನ್ನು ಒದಗಿಸುತ್ತಿದ್ದ ಶಿಕಾಗೋ ರೇಡಿಯೋ ಸಂಸ್ಥೆಯ ನಾನಕ್ ಮೋಟ್ವಾನಿಯವರು ಅವರ ನೆರವಿಗೆ ನಿಂತರು. ತಂತ್ರ ಬಲ್ಲವನೊಬ್ಬನು ಪ್ರೇಷಕಯಂತ್ರವನ್ನು ಜೋಡಿಸಿಕೊಟ್ಟನು. 1942ರ ಆಗಸ್ಟ್ 27ರಂದು ಮುಂಬಯಿಯ ಚೌಪಾಟಿಯ ಬಳಿಯ ಒಂದು ಮನೆಯಿಂದ ಮೊದಲ ಪ್ರಸಾರ ಹೊರಟಿತು. ಇದು ಕಾಂಗ್ರೆಸ್ ರೇಡಿಯೋ, ಭಾರತದ ಯಾವುದೋ ಒಂದೆಡೆಯಿಂದ, 42.34 ಮೀಟರುಗಳಲ್ಲಿ ಮಾತನಾಡುತ್ತಿದೆ ಎಂದು ಉಷಾ ಅವರ ದನಿ ಸಾರಿತು. 'ಯಾವುದೋ ಒಂದೆಡೆ' ಎಂಬ ಆ ಮಾತಿನಲ್ಲಿ ಎಚ್ಚರಿಕೆಯೂ ಇತ್ತು, ಹಿರಿಮೆಯೂ ಇತ್ತು. ನೆಲೆಯನ್ನು ಮುಚ್ಚಿಡುವುದು ಎಚ್ಚರಿಕೆ. ಆ ನೆಲೆ ಭಾರತದ ಯಾವ ಮನೆಯಾದರೂ ಆಗಿರಬಹುದೆಂಬುದು ಹಿರಿಮೆ.

ಕಾರ್ಯಕ್ರಮದ ಕ್ರಮ ಸರಳವಾಗಿತ್ತು. ಮೊದಲಿಗೆ ಗ್ರಾಮಫೋನ್ ತಟ್ಟೆಯಿಂದ 'ಹಿಂದೂಸ್ತಾನ್ ಹಮಾರಾ' ಗೀತೆ. ಬಳಿಕ ಹಿಂದೂಸ್ತಾನಿಯಲ್ಲಿಯೂ ಇಂಗ್ಲಿಷಿನಲ್ಲಿಯೂ ಸುದ್ದಿ, ಭಾಷಣ. ಕೊನೆಗೆ 'ವಂದೇ ಮಾತರಂ'. ತಟ್ಟೆಯನ್ನು ತಿರುಗಿಸಿ ಮುಳ್ಳನ್ನು ಇಡುವುದು, ಸುದ್ದಿಯನ್ನು ಓದುವುದು, ಸಮಯವನ್ನು ನೋಡಿಕೊಳ್ಳುವುದು, ಇಷ್ಟನ್ನೂ ಬೆರಳೆಣಿಕೆಯ ಜನರು ಒಂದು ಪುಟ್ಟ ಕೋಣೆಯಲ್ಲಿ ಮಾಡಬೇಕಾಗಿತ್ತು. ರಾಮಮನೋಹರ ಲೋಹಿಯಾ, ಅಚ್ಯುತ ಪಟವರ್ಧನ ಮೊದಲಾದ ಭೂಗತ ನಾಯಕರು ಭಾಷಣಗಳನ್ನು ಸಿದ್ಧಪಡಿಸಲು ನೆರವಾದರು. ಪತ್ರಿಕೆಗಳು ಬಾಯಿಬಿಡದಿದ್ದ ಸಂಗತಿಗಳನ್ನು ಈ ಬಾನುಲಿ ಹೇಳಿತು. ಚಿತ್ತಗಾಂಗಿನ ಮೇಲೆ ನಡೆದ ಬಾಂಬಿನ ದಾಳಿ, ಜಮ್‌ಶೆಡ್‌ಪುರದ ಕಾರ್ಮಿಕರ ಮುಷ್ಕರ, ಅಷ್ಟಿ ಮತ್ತು ಚಿಮೂರ್ ಎಂಬ ಊರುಗಳಲ್ಲಿ ಜನರು ಅನುಭವಿಸಿದ ಕಷ್ಟ, ಇವೆಲ್ಲ ದೇಶಕ್ಕೆ ತಿಳಿದದ್ದು ಹೀಗೆ. ದೂರದ ಊರುಗಳಿಂದ ಬಂದ ದೂತರು ತಂದ ಸುದ್ದಿ ಅಲೆಗಳನ್ನೇರಿ ಮತ್ತೆ ದೂರದ ಊರುಗಳಿಗೆ ಹೋಗುತ್ತಿತ್ತು.

ಅಲೆಗಳಿಗೆ ಗಡಿಯಿಲ್ಲವೆಂಬುದು ನಿಜ. ಆದರೆ ಅಲೆಗಳು ಎಲ್ಲಿಂದ ಹೊರಡುತ್ತವೆಂಬುದನ್ನು ಕಂಡುಹಿಡಿಯಬಲ್ಲ ಯಂತ್ರಗಳೂ ಇವೆ. ದಿಕ್ಕನ್ನು ತೋರುವ ಆಂಟೆನಾವನ್ನು ಬೇರೆ ಬೇರೆ ಸ್ಥಳಗಳಲ್ಲಿ ತಿರುಗಿಸಿ ನೋಡಿ, ಎರಡು ದಿಕ್ಕುಗಳ ಗೆರೆಗಳು ಒಂದನ್ನೊಂದು ಸಂಧಿಸುವ ಜಾಗವನ್ನು ಗುರುತಿಸಿದರೆ, ಪ್ರೇಷಕಯಂತ್ರದ ನೆಲೆ ಸಿಕ್ಕಿತೆಂದೇ ಅರ್ಥ. ಪೊಲೀಸರ ವಾಹನಗಳು ಇಂತಹ ಯಂತ್ರಗಳೊಡನೆ ಮುಂಬಯಿಯ ಬೀದಿಗಳಲ್ಲಿ ಅಲೆದಾಡುತ್ತಿದ್ದವು. ಆದುದರಿಂದ ಬಾನುಲಿಯ ಬಳಗ ಒಂದು ಮನೆಯಲ್ಲಿ ಹೆಚ್ಚು ದಿನ ನಿಲ್ಲುವಂತಿರಲಿಲ್ಲ. ಸೀ ವ್ಯೂ, ರತನ್ ಮಹಲ್, ಅಜಿತ್ ವಿಲ್ಲಾ, ಲಕ್ಷ್ಮೀ ಭವನ, ಪಾರೇಖ್ ವಾಡಿ, ಪ್ಯಾರಡೈಸ್ ಬಂಗಲೆ ಎಂದು ಅವರು ಮನೆಯಿಂದ ಮನೆಗೆ ಸಾಗಿದರು. ಭಾರವಾದ ಯಂತ್ರವನ್ನು ಯಾರ ಕಣ್ಣಿಗೂ ಬೀಳದಂತೆ ಒಯ್ಯುವುದು, ಬಾಡಿಗೆಗೆ ಹೊಸ ಮನೆಯನ್ನು ಹುಡುಕುವುದು, ನೆರೆಹೊರೆಯವರ ಸಂಶಯಕ್ಕೆ ಎಡೆಗೊಡದಿರುವುದು, ಇವು ಮಾತನಾಡುವುದಕ್ಕಿಂತ ಕಷ್ಟದ ಕೆಲಸಗಳಾಗಿದ್ದವು. ಸುಮಾರು ಎರಡೂವರೆ ತಿಂಗಳು ಈ ಕಣ್ಣುಮುಚ್ಚಾಲೆ ನಡೆಯಿತು.

1942ರ ನವೆಂಬರ್ 12ರಂದು ಅದು ಕೊನೆಗೊಂಡಿತು. ಯಂತ್ರವನ್ನು ಕಟ್ಟಿಕೊಟ್ಟ ತಂತ್ರಜ್ಞನೇ ಸಿಕ್ಕಿಬಿದ್ದು ಪೊಲೀಸರಿಗೆ ಗುಟ್ಟನ್ನು ಬಿಟ್ಟುಕೊಟ್ಟಿದ್ದನು. ಬಳಗದ ಕೆಲವರು ಹಿಡಿಯಲ್ಪಟ್ಟ ಸುದ್ದಿ ಉಷಾ ಅವರಿಗೂ ತಲುಪಿತ್ತು. ಆ ಸಂಜೆ ಅವರು ಮನೆಯಲ್ಲಿ ಉಳಿಯಬಹುದಾಗಿತ್ತು. ಊರನ್ನೇ ಬಿಟ್ಟು ಹೋಗಬಹುದಾಗಿತ್ತು. ಆದರೆ ಕೇಳುವವರು ಗೊತ್ತಾದ ವೇಳೆಗೆ ಯಂತ್ರದ ಮುಂದೆ ಕುಳಿತಿರುತ್ತಾರೆ. ಅವರನ್ನು ಬರಿಯ ಮೌನದೆದುರು ಕೂರಿಸುವುದು ಸರಿಯೇ? ಉಷಾ ಮತ್ತು ಚಂದ್ರಕಾಂತ ಝವೇರಿ ಪ್ಯಾರಡೈಸ್ ಬಂಗಲೆಗೆ ಹೋಗಿ ಅಂದಿನ ಪ್ರಸಾರವನ್ನು ನಡೆಸಿದರು. ಕೊನೆಯ 'ವಂದೇ ಮಾತರಂ' ತಟ್ಟೆ ತಿರುಗುತ್ತಿದ್ದಾಗ ಬಾಗಿಲುಗಳನ್ನು ಒಡೆದು ಪೊಲೀಸರು ಒಳನುಗ್ಗಿದರು. ತಟ್ಟೆಯನ್ನು ನಿಲ್ಲಿಸುವಂತೆ ಆಜ್ಞೆಯಾಯಿತು. ಇಬ್ಬರೂ ನಿಲ್ಲಿಸಲು ಒಪ್ಪಲಿಲ್ಲ.

ಬಂಧನದ ಅನಂತರ ತಿಂಗಳುಗಟ್ಟಲೆ ವಿಚಾರಣೆ ನಡೆಯಿತು. ಒಂಟಿ ಕೋಣೆಯಲ್ಲಿ ಇರಿಸಿ ಪ್ರಶ್ನೆಗಳ ಮಳೆ ಸುರಿಸಿದರು. ಸಂಗಡಿಗರ ಹೆಸರುಗಳನ್ನು ಹೇಳಿದರೆ ವಿದೇಶಕ್ಕೆ ಕಳುಹಿಸಿ ಓದಿಸುವುದಾಗಿ ಆಸೆ ತೋರಿಸಿದರು. ಉಷಾ ಬಾಯಿ ತೆರೆಯಲಿಲ್ಲ. ನ್ಯಾಯಾಲಯದಲ್ಲಿ ಅವರು ಕೇಳಿದ್ದು ಒಂದೇ ಪ್ರಶ್ನೆ: ತಾವು ಉತ್ತರಿಸಲೇಬೇಕೆಂಬ ಕಡ್ಡಾಯವಿದೆಯೇ ಎಂದು. ಇಲ್ಲವೆಂದು ತಿಳಿದ ಮೇಲೆ ಅವರು ಯಾವ ಪ್ರಶ್ನೆಗೂ ಉತ್ತರ ಕೊಡಲಿಲ್ಲ. ತಮ್ಮನ್ನು ಕಾಪಾಡಿಕೊಳ್ಳಲು ಒಂದು ಸುಳ್ಳನ್ನಾದರೂ ಆಡಬಹುದಾಗಿದ್ದ ಕಡೆಯಲ್ಲಿ ಮೌನವನ್ನು ಆರಿಸಿಕೊಂಡರು. ನಾಡಿಗೆಲ್ಲ ಕೇಳುವಂತೆ ಮಾತನಾಡಿದ ಕಂಠ ತನ್ನ ಬಿಡುಗಡೆಗಾಗಿ ಒಂದು ಮಾತನ್ನೂ ಆಡಲಿಲ್ಲ. ಅವರಿಗೆ ನಾಲ್ಕು ವರ್ಷಗಳ ಸೆರೆಮನೆವಾಸ ವಿಧಿಸಲಾಯಿತು. ಯೆರವಡಾ ಸೆರೆಮನೆಯಲ್ಲಿ ಅವರ ಆರೋಗ್ಯ ಕೆಟ್ಟಿತು. 1946ರಲ್ಲಿ ಮೊರಾರ್ಜಿ ದೇಸಾಯಿಯವರು ಮುಂಬಯಿ ಪ್ರಾಂತದ ಗೃಹಮಂತ್ರಿಗಳಾಗಿದ್ದಾಗ ಅವರ ಬಿಡುಗಡೆಯಾಯಿತು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಉಷಾ ಮೆಹತಾ ಗಾಂಧೀಜಿಯವರ ಅನುಯಾಯಿ. ಗಾಂಧೀಜಿಯವರಿಗೆ ಗುಟ್ಟಿನ ಕೆಲಸ ಒಪ್ಪಿಗೆಯಾಗಿರಲಿಲ್ಲ. ಸತ್ಯಾಗ್ರಹಿಯಾದವನು ತಾನು ಮಾಡುವುದನ್ನು ಬಯಲಿನಲ್ಲಿ ಮಾಡಿ, ಅದರ ಫಲವನ್ನು ತಲೆಬಾಗಿ ಅನುಭವಿಸಬೇಕೆಂಬುದು ಅವರ ಮತ. 1944ರಲ್ಲಿ ಸೆರೆಯಿಂದ ಹೊರಬಂದಾಗ, ಭೂಗತರಾಗಿದ್ದ ಕಾರ್ಯಕರ್ತರು ಬಹಿರಂಗವಾಗಿ ಮುಂದೆ ಬರಬೇಕೆಂದು ಅವರು ಸಲಹೆಯಿತ್ತರು. ಹಾಗಾದರೆ ಗುಪ್ತ ಬಾನುಲಿ ತಪ್ಪಾಗಿತ್ತೇ? ಭಾಲ್ಕಿಯ ಶಾಲೆಯ ಬಾಗಿಲಲ್ಲಿ ತೂಗಿದ ಆ ಫಲಕವೂ ತಪ್ಪೇ?

ಈ ಪ್ರಶ್ನೆಗೆ ಸುಲಭವಾದ ಉತ್ತರವಿಲ್ಲ. ಸುಲಭವಾದ ಉತ್ತರವನ್ನು ಹೇಳುವವರನ್ನು ನಂಬಲೂಬಾರದು. ಗುಟ್ಟು ತನ್ನಷ್ಟಕ್ಕೆ ಒಳ್ಳೆಯದಲ್ಲ. ಕಳ್ಳನಿಗೂ ಗುಟ್ಟು ಬೇಕು, ಮೋಸಗಾರನಿಗೂ ಗುಟ್ಟು ಬೇಕು. ಗಾಂಧೀಜಿಯವರ ಅಂಜಿಕೆ ಇದೇ ಇದ್ದಿರಬಹುದು. ಆದರೆ ಕಳ್ಳನು ಮರೆಯನ್ನು ಆಶ್ರಯಿಸುವುದು ತನ್ನ ಲಾಭಕ್ಕಾಗಿ, ಹೊಣೆಯಿಂದ ನುಣುಚಿಕೊಳ್ಳುವುದಕ್ಕಾಗಿ. ಉಷಾ ಅವರು ಮುಚ್ಚಿಟ್ಟದ್ದು ತಮ್ಮ ನೆಲೆಯನ್ನು, ಸುದ್ದಿಯನ್ನಲ್ಲ. ಪಟ್ಟದ್ದೇವರು ಮರೆಮಾಡಿದ್ದು ಪಾಠವನ್ನು. ಪಾಠದಿಂದ ಅವರಿಗೆ ಬರಬೇಕಾದ ಲಾಭ ಯಾವುದೂ ಇರಲಿಲ್ಲ. ಸಿಕ್ಕಿಬೀಳುವ ಗಳಿಗೆ ಬಂದಾಗ ಉಷಾ ಓಡಲಿಲ್ಲ. ತಟ್ಟೆ ಮುಗಿಯುವವರೆಗೆ ನಿಂತರು. ಮರೆಯ ದನಿಗೆ ಇದಕ್ಕಿಂತ ಬೇರೆ ಒರೆಗಲ್ಲು ಇಲ್ಲ. ಅದು ನುಡಿದದ್ದು ನಿಜವೇ? ನುಡಿದವರು ಅದರ ಬೆಲೆಯನ್ನು ತೆರಲು ಸಿದ್ಧರಿದ್ದರೇ?

ಈ ಒರೆಗಲ್ಲು ಎಷ್ಟು ಅಗತ್ಯವೆಂಬುದನ್ನು ಬೀದರಿನ ನೆಲ ಕೆಲವೇ ವರ್ಷಗಳಲ್ಲಿ ಬಹಳ ನೋವಿನಿಂದ ಕಲಿತುಕೊಂಡಿತು. 1947ರ ಆಗಸ್ಟ್ 15ರಂದು ದೇಶ ಸ್ವತಂತ್ರವಾದರೂ ಹೈದರಾಬಾದ್ ಸಂಸ್ಥಾನ ಭಾರತದೊಡನೆ ಸೇರಲಿಲ್ಲ. ರಜಾಕಾರರೆಂಬ ಸಶಸ್ತ್ರ ಪಡೆಯ ಹಾವಳಿಗೆ ಹಳ್ಳಿಗಳು ತತ್ತರಿಸಿದವು. 1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆ ಸಂಸ್ಥಾನವನ್ನು ಪ್ರವೇಶಿಸಿತು. 17ರಂದು ನಿಜಾಮರು ಕದನ ನಿಂತಿತೆಂಬುದನ್ನು ಹೈದರಾಬಾದಿನ ಬಾನುಲಿಯಲ್ಲಿ ಸಾರಿದರು. ಒಂದು ರಾಜ್ಯದ ಇತಿಹಾಸ ಕೆಲವು ನಿಮಿಷಗಳ ದನಿಯಲ್ಲಿ ಪುಟ ತಿರುವಿತು.

ಆದರೆ ಬಾನುಲಿಯ ಪೆಟ್ಟಿಗೆ ಇದ್ದ ಮನೆಗಳು ಆಗ ವಿರಳ. ಔರಾದ, ಭಾಲ್ಕಿಗಳ ಸುತ್ತಣ ಹಳ್ಳಿಗಳಿಗೆ ಸುದ್ದಿ ತಲುಪುತ್ತಿದ್ದುದು ಬಾಯಿಂದ ಬಾಯಿಗೆ. ಸರಿಯಾದ ಸುದ್ದಿ ಬಾರದ ಕಡೆ ಗಾಳಿಮಾತು ಅರಸನಾಗುತ್ತದೆ. ಅದಕ್ಕೂ ಒಡೆಯನಿಲ್ಲ, ನೆಲೆಯಿಲ್ಲ. ಅದೂ 'ಯಾವುದೋ ಒಂದೆಡೆಯಿಂದ' ಬರುತ್ತದೆ. ಮೊದಲು ರಜಾಕಾರರ ಕೈಯಲ್ಲಿ ಅಮಾಯಕರು ನೊಂದರು. ಸೇನೆ ಬಂದ ಮೇಲೆ, ಯಾವ ತಪ್ಪನ್ನೂ ಮಾಡದ ಮುಸ್ಲಿಂ ಕುಟುಂಬಗಳು ಸೇಡಿಗೆ ತುತ್ತಾದವು. ಪಂಡಿತ ಸುಂದರಲಾಲರ ನೇತೃತ್ವದಲ್ಲಿ ಸಂಸ್ಥಾನದಲ್ಲಿ ಸಂಚರಿಸಿದ ತಂಡವು ಹೆಚ್ಚು ಹಾನಿಗೆ ಒಳಗಾದ ನಾಲ್ಕು ಜಿಲ್ಲೆಗಳಲ್ಲಿ ಬೀದರನ್ನೂ ಹೆಸರಿಸಿತು. ತಲೆಮಾರುಗಳಿಂದ ಒಂದೇ ಬಾವಿಯ ನೀರು ಕುಡಿದವರು ಒಬ್ಬರನ್ನೊಬ್ಬರು ಕಂಡು ಅಂಜುವಂತಾಯಿತು. ಮರೆಯ ದನಿ ದೀಪವಾಗಬಲ್ಲುದು. ಅದೇ ದನಿ ಸತ್ಯವನ್ನು ಬಿಟ್ಟರೆ ಕಾಳ್ಗಿಚ್ಚೂ ಆಗಬಲ್ಲುದು.

ಕಾಲ ಸರಿಯಿತು. 1950ರಲ್ಲಿ ಹೈದರಾಬಾದಿನ ಬಾನುಲಿ ನಿಲಯ ಆಲ್ ಇಂಡಿಯಾ ರೇಡಿಯೋದೊಳಗೆ ಸೇರಿತು. 1956ರ ನವೆಂಬರ್ 1ರಂದು ಭಾಷಾವಾರು ಪ್ರಾಂತಗಳ ರಚನೆಯಾದಾಗ, ಬೀದರ, ಭಾಲ್ಕಿ, ಔರಾದ, ಹುಮನಾಬಾದ್ ಸೀಮೆಗಳು ಕನ್ನಡ ನಾಡಿನೊಡನೆ ಸೇರಿದವು. 1966ರಲ್ಲಿ ಕಲಬುರಗಿಯಲ್ಲಿ ಆಕಾಶವಾಣಿ ಕೇಂದ್ರ ಆರಂಭವಾಯಿತು. ಒಂದು ಕಾಲದಲ್ಲಿ ಬಾಗಿಲು ಮುಚ್ಚಿ ಕಲಿಸಬೇಕಾಗಿದ್ದ ನುಡಿಯನ್ನು ಈ ಭಾಗದ ರೈತರು ಹೊಲದ ಬದುವಿನಲ್ಲಿ ಕುಳಿತು ಬಾನುಲಿಯಲ್ಲಿ ಕೇಳುವಂತಾಯಿತು. ಗುಪ್ತವಾಗಿ ಹರಿದ ನೀರು ಬಯಲಿಗೆ ಬಂದಿತು.

ಆದರೂ ಬಾನುಲಿಯ ನಾಲಗೆ ಇನ್ನೂ ಸರಕಾರದ್ದೇ ಆಗಿತ್ತು. 1995ರಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯ, ರೇಡಿಯೋ ಅಲೆಗಳು ಸಾರ್ವಜನಿಕರ ಸೊತ್ತು ಎಂದು ತೀರ್ಪಿತ್ತಿತು. ಆ ತೀರ್ಪಿನ ಫಲವನ್ನು ನೋಡಬೇಕಾದರೆ ಬೀದರಿನಿಂದ ಬಹುದೂರ ಹೋಗಬೇಕಾಗಿಲ್ಲ. 1956ಕ್ಕೆ ಮೊದಲು ಬೀದರ ಜಿಲ್ಲೆಗೇ ಸೇರಿದ್ದ ಜಹೀರಾಬಾದಿನ ಸೀಮೆ ಇಂದು ತೆಲಂಗಾಣ ರಾಜ್ಯದಲ್ಲಿದೆ. ಅಲ್ಲಿಯ ಮಾಚನೂರು ಎಂಬ ಹಳ್ಳಿಯಲ್ಲಿ, ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಆಶ್ರಯದಲ್ಲಿ ಸಂಘಟಿತರಾದ ಬಡ ದಲಿತ ಮಹಿಳೆಯರು ತಮ್ಮ ಬಾನುಲಿಯನ್ನು ತಾವೇ ಕಟ್ಟಿಕೊಂಡರು. ಅವರ ಪ್ರಸಾರಕೋಣೆ ಸಿದ್ಧವಾಗಿ ಹತ್ತು ವರ್ಷಗಳಾದರೂ ಪರವಾನಗಿ ದೊರೆತಿರಲಿಲ್ಲ. ಅವರು ಕಾನೂನನ್ನು ಮೀರಲಿಲ್ಲ. ಕೈಕಟ್ಟಿ ಕೂರಲೂ ಇಲ್ಲ. ಬಿತ್ತನೆಯ ಬೀಜ, ಜೋಳ ನವಣೆಗಳ ಬೇಸಾಯ, ಮನೆಮದ್ದು, ಹಬ್ಬದ ಹಾಡು, ಇವನ್ನೆಲ್ಲ ಧ್ವನಿಸುರುಳಿಗಳಲ್ಲಿ ಮುದ್ರಿಸಿ, ಹಳ್ಳಿಯ ಮಹಿಳಾ ಸಂಘಗಳ ಸಭೆಗಳಲ್ಲಿ ಕೇಳಿಸಿದರು. ಅಲೆಗಳಿಲ್ಲದ ಬಾನುಲಿ ಕಾಲ್ನಡಿಗೆಯಲ್ಲಿ ಊರೂರಿಗೆ ನಡೆಯಿತು. ಕೊನೆಗೆ 2008ರ ಅಕ್ಟೋಬರ್ 15ರಂದು 'ಸಂಘಂ ರೇಡಿಯೋ' ಎಂಬ ಹೆಸರಿನಲ್ಲಿ ಪ್ರಸಾರ ಆರಂಭವಾಯಿತು. ಅದನ್ನು ನಡೆಸುವ ಹೊಣೆ ಹೊತ್ತ ಜನರಲ್ ನರಸಮ್ಮ ಮತ್ತು ಆಲ್ಗೋಲ್ ನರಸಮ್ಮ ಎಂಬ ಇಬ್ಬರು ಮಹಿಳೆಯರು ಬೇಸಾಯದ ಮನೆಗಳಿಂದ ಬಂದವರು. ಮುಂಬಯಿಯ ತರುಣಿ ಅಡಗಿ ನುಡಿಯಬೇಕಾಗಿದ್ದುದನ್ನು ಇವರು ತಮ್ಮ ಊರಿನ ಹೆಸರು ಹೇಳಿಯೇ ನುಡಿಯುವಂತಾಯಿತು.

ಉಷಾ ಮೆಹತಾ ಬಿಡುಗಡೆಯ ಬಳಿಕ ಅಧಿಕಾರದ ಸ್ಥಾನಗಳನ್ನು ಅರಸಿ ಹೋಗಲಿಲ್ಲ. ಮತ್ತೆ ಪುಸ್ತಕಗಳ ಕಡೆಗೆ ತಿರುಗಿದರು. ಗಾಂಧೀಜಿಯವರ ರಾಜಕೀಯ ಮತ್ತು ಸಾಮಾಜಿಕ ಚಿಂತನೆಯನ್ನು ಕುರಿತು ಸಂಶೋಧನೆ ಮಾಡಿ ಡಾಕ್ಟರೇಟ್ ಪದವಿಯನ್ನು ಪಡೆದರು. ಮುಂಬಯಿಯಲ್ಲಿ ಸುಮಾರು ಮೂವತ್ತು ವರ್ಷ ವಿದ್ಯಾರ್ಥಿಗಳಿಗೆ ಪಾಠ ಹೇಳಿ 1980ರಲ್ಲಿ ನಿವೃತ್ತರಾದರು. ಖಾದಿಯ ಸೀರೆ, ಮಿತವಾದ ಊಟ, ದುಡಿಮೆ, ಇದೇ ಅವರ ಬಾಳಾಗಿತ್ತು. 1998ರಲ್ಲಿ ರಾಷ್ಟ್ರವು ಅವರಿಗೆ ಪದ್ಮವಿಭೂಷಣ ಪ್ರಶಸ್ತಿಯನ್ನಿತ್ತು ಗೌರವಿಸಿತು. 2000ದ ಆಗಸ್ಟ್ 11ರಂದು ಅವರು ತೀರಿಕೊಂಡರು. ಎರಡೂವರೆ ತಿಂಗಳು ಬಾನುಲಿಯಲ್ಲಿ ನುಡಿದವರು ಉಳಿದ ಬಾಳನ್ನು ತರಗತಿಯ ಕೋಣೆಯಲ್ಲಿ ಕಳೆದರು. ಪಟ್ಟದ್ದೇವರ ಕೋಣೆಗೂ ಅವರ ಕೋಣೆಗೂ ಎಷ್ಟು ದೂರವಿದ್ದರೂ ಎರಡರಲ್ಲಿಯೂ ನಡೆದ ಕೆಲಸ ಒಂದೇ.

ಇಂದು ಗುಪ್ತ ಬಾನುಲಿಯ ಅಗತ್ಯ ಕಾಣದು. ಪ್ರತಿಯೊಬ್ಬರ ಅಂಗೈಯಲ್ಲಿಯೂ ಒಂದೊಂದು ಪ್ರೇಷಕಯಂತ್ರವಿದೆ. ಬೀದರಿನ ಬಾಲಕನೊಬ್ಬನು ದೂರವಾಣಿಯ ಮೇಲೆ ಬೆರಳನ್ನು ಒತ್ತಿದರೆ ಅವನ ಮಾತು ಗಳಿಗೆಯಲ್ಲಿ ಸಾವಿರ ಜನರನ್ನು ಮುಟ್ಟುತ್ತದೆ. ಅವನನ್ನು ಹುಡುಕಿಕೊಂಡು ಬರುವ ವಾಹನವಿಲ್ಲ, ಒಡೆಯಲು ಬಾಗಿಲಿಲ್ಲ. ಮಾತು ಅಷ್ಟು ಅಗ್ಗವಾದಾಗ ಅದರ ಹೊಣೆ ಹಗುರವಾದಂತೆ ತೋರುತ್ತದೆ. ಎಲ್ಲಿಂದಲೋ ಬಂದ ಸುದ್ದಿಯನ್ನು ನಿಜವೋ ಸುಳ್ಳೋ ಎಂದು ಕೇಳದೆ ಮುಂದಕ್ಕೆ ತಳ್ಳುವ ಕೈಗೆ, ತಾನು ಮಾಡುತ್ತಿರುವುದು ಪ್ರಸಾರವೆಂಬುದು ಹೊಳೆಯುವುದೇ 

ಇಲ್ಲ. ಆದರೆ ಕೇಳುವವರ ನಂಬಿಕೆ ಅಂದಿನಂತೆಯೇ ಇಂದಿಗೂ ಬೆಲೆಯುಳ್ಳದ್ದು. ಒಮ್ಮೆ ಕಳೆದುಕೊಂಡರೆ ಮತ್ತೆ ದೊರೆಯುವುದು ಕಷ್ಟ. 42.34 ಮೀಟರುಗಳಲ್ಲಿ ಕೇಳಿಬಂದ ದನಿಯನ್ನು ಜನರು ನಂಬಿದ್ದು ಅದು ಗುಟ್ಟಾಗಿತ್ತೆಂಬ ಕಾರಣಕ್ಕಲ್ಲ. ಅದು ನಿಜವನ್ನು ನುಡಿಯುತ್ತಿತ್ತೆಂಬ ಕಾರಣಕ್ಕೆ. ಮಾತನಾಡಲು ದೊರೆತ ಸ್ವಾತಂತ್ರ್ಯವನ್ನು ಉಳಿಸಿಕೊಳ್ಳಲು ನಿಜವನ್ನು ನುಡಿಯುವುದಲ್ಲದೆ ಬೇರೆ ದಾರಿಯಿಲ್ಲ.

ಅಭ್ಯಾಸ

1. ಮರೆಯಲ್ಲಿ ನುಡಿಯುವವರ ಮೇಲೆ ಸತ್ಯದ ಹೊಣೆ ಇಮ್ಮಡಿಯಾಗಿರುತ್ತದೆ ಎಂಬ ಮಾತನ್ನು ಕರೇಜಿನ ಹೋಲಿಕೆಯಿಂದ ವಿವರಿಸಿರಿ.
2. ಭಾಲ್ಕಿಯ ಶಾಲೆಯ ಫಲಕಕ್ಕೂ ಒಳಗಿನ ಪಾಠಕ್ಕೂ ಇದ್ದ ವ್ಯತ್ಯಾಸವೇನು? ಅದಕ್ಕೆ ಕಾರಣವೇನು?
3. 1942ರ ನವೆಂಬರ್ 12ರ ಸಂಜೆ ಉಷಾ ಮೆಹತಾ ಅವರು ಪ್ರಸಾರವನ್ನು ನಡೆಸಿಯೇ ತೀರಲು ಕಾರಣವೇನಿರಬಹುದು?
4. ಗುಟ್ಟಿನ ಕೆಲಸವನ್ನು ಕುರಿತು ಗಾಂಧೀಜಿಯವರ ಅಭಿಪ್ರಾಯವೇನು? ಅದನ್ನು ನೀವು ಒಪ್ಪುವಿರಾ? ಚರ್ಚಿಸಿರಿ.
5. ಗಾಳಿಮಾತಿಗೂ ಗುಪ್ತ ಬಾನುಲಿಯ ಸುದ್ದಿಗೂ ಇರುವ ಹೋಲಿಕೆ ಮತ್ತು ವ್ಯತ್ಯಾಸಗಳನ್ನು ಬರೆಯಿರಿ.